ಇಲ್ಲದ ಪೈಪಿಗೆ ಬಗ್ಗಿದ ಅಕ್ಷರ

ಹೋದ ವಾರ ನಮ್ಮ ಬೀದಿ ಮೂಲೆಮನೆಯವರು ಗೇಟಿಗೊಂದು ಹೊಸ ಬೋರ್ಡು ತಗಲಿಸಿದ್ರು. ‘ಇಲ್ಲಿ ಗಾಡಿ ನಿಲ್ಲಿಸಿದರೆ ಚಕ್ರದ ಗಾಳಿ ತೆಗೆಯಲಾಗುವುದು.’ ಹಾಕ್ತಿರೋದು ಬೆದರಿಕೆ, ಅಕ್ಷರ ನೋಡಿದ್ರೆ ಕಿಲಕಿಲ ನಗ್ತಾ ಇದಾವೆ. ಒಂದು ಮೇಲೆ ಹಾರಿದೆ, ಒಂದು ಕೆಳಗೆ ಕೂತಿದೆ, ಇನ್ನೊಂದು ಹೊಟ್ಟೆ ಉಬ್ಬಿಸ್ಕೊಂಡು ನಿಂತಿದೆ. ‘ಗಾಳಿ’ಯಲ್ಲಿರೋ ಳಿ ಮಾತ್ರ ಬಲಗಡೆ ಸೊಂಟ ಒಳಕ್ಕೆ ಎಳ್ಕೊಂಡು, ಯಾರೋ ಪಕ್ಕದಲ್ಲಿ ತಳ್ಳಿದಂಗೆ ನಿಂತಿದೆ. ನಾನು ಬೈಕ್ ನಿಲ್ಲಿಸಿ ಅದನ್ನೇ ನೋಡ್ತಾ ನಿಂತೆ. ಮನೆಯವರು ಹೊರಗೆ ಬಂದು, “ಏನ್ ಸಾರ್, ಬೋರ್ಡ್ ಹೆಂಗಿದೆ?” ಅಂದ್ರು. “ಕದ್ದ ಮಾಲು” ಅಂದೆ. ಅವರು ಮುಖ ಊದಿಸ್ಕೊಂಡು ಒಳಗೆ ಹೋದ್ರು. ಪಾಪ, ಅವರದೇನೂ ತಪ್ಪಿಲ್ಲ. ಸಿಟ್ಟು ಬಂದಾಗ ನನಗೆ ಯಾರ ಮೇಲೆ ಹೋಗಬೇಕೋ ಅವರ ಮೇಲೆ ಹೋಗೋಕೆ ಬರೋಲ್ಲ.

ತುಮಕೂರಿನಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬದ ಬ್ಯಾನರು, ಗೃಹಪ್ರವೇಶದ ಬ್ಯಾನರು, ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲಾ ಒಂದೇ ಮೆಷಿನ್ನಿಂದ ಬರುತ್ತೆ. ಆ ನಗೋ ಅಕ್ಷರಗಳನ್ನ ಮೊದಲು ಬರೆದ ಮನುಷ್ಯ ಈ ಅಂಗಡಿಯಲ್ಲಿ, ನನ್ನ ಪಕ್ಕದ ಸ್ಟೂಲಿನ ಮೇಲೆ, ವರ್ಷಗಟ್ಟಲೆ ಕೂತಿದ್ರು. ಬೋರ್ಡ್ ಬರೆಯೋ ಕಸುಬಿನವರು. ಹುಟ್ಟಿದ್ದು ಹುಲಿಯೂರುದುರ್ಗ, ಬ್ರಷ್ ಹಿಡಿದಿದ್ದು ಕುಣಿಗಲ್ಲು, ಸಂಸಾರ ಹೂಡಿದ್ದು ತುಮಕೂರು. ತೀರ್ಕೊಂಡು ಮೂರು ತಿಂಗಳಾಯ್ತು. ಅವರ ಹೆಸರನ್ನ ಇಲ್ಲಿ ಹಾಕ್ತಿಲ್ಲ. ಯಾಕೆ ಅಂತ ಕೊನೆಗೆ ಹೇಳ್ತೀನಿ. ನಾನು ಕರೀತಿದ್ದದ್ದು ‘ಯಜಮಾನ್ರೇ’ ಅಂತ. ಅವರು ನನ್ನನ್ನ ಕರೀತಿದ್ದದ್ದು ‘ಏನಯ್ಯಾ ಮೆಷಿನ್ನು’ ಅಂತ.

ನ್ಯಾಯವಾಗಿ ನೋಡಿದ್ರೆ ಅವರು ನನ್ನ ಅಂಗಡಿಗೆ ಕಲ್ಲು ಹೊಡೀಬೇಕಿತ್ತು. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಹಿಡಿದೋರನ್ನ ಕೇಳೋರು ಯಾರು? ಅವರ ಜೊತೆಯವರೆಲ್ಲ ಮನೆಗೆ ಸುಣ್ಣ ಬಣ್ಣ ಬಳಿಯೋಕೆ ಹೋದ್ರು. ಇವರು ನನ್ನ ಅಂಗಡಿ ಶುರುವಾದ ಮೂರನೇ ದಿನ ಬಾಗಿಲಲ್ಲಿ ನಿಂತು, ನಾನು ಕಂಪ್ಯೂಟರಲ್ಲಿ ಒಂದು ಹೆಸರನ್ನ ಅಗಲಕ್ಕೆ ಎಳೀತಿದ್ದದ್ದನ್ನ ನೋಡಿ, “ಎಳೀಬೇಡ ಕಣಯ್ಯಾ ಅದನ್ನ! ಕೈ ಕಾಲು ಹಿಡ್ದು ಎಳೆದ್ರೆ ನಿಂಗೆ ಹೆಂಗಿರುತ್ತೆ?” ಅಂತ ಗದರಿದ್ರು. ಯಾರಪ್ಪಾ ಇವರು ಅಂತ ನಾನೂ ರೇಗಿದೆ. “ಜಾಗ ತುಂಬಬೇಕಲ್ಲ ಯಜಮಾನ್ರೇ” ಅಂದೆ. “ಜಾಗ ತುಂಬೋಕೆ ಅಕ್ಷರ ಎಳೀತಾರೇನಯ್ಯಾ, ಪಕ್ಕದಲ್ಲಿ ಒಂದು ಹೂವು ಬರಿ” ಅಂದ್ರು. ಮಾರನೇ ದಿನದಿಂದ ಊಟ ಮುಗಿಸ್ಕೊಂಡು ಬಂದು ಸ್ಟೂಲ್ ಮೇಲೆ ಕೂರೋದು ಶುರುವಾಯ್ತು. ಎಡಗಿವಿ ಮೇಲೆ ಒಂದು ಪೆನ್ಸಿಲ್ ಸದಾ ಇರೋದು, ಕೆಲಸ ಇಲ್ಲದ ದಿನಗಳಲ್ಲೂ. ಉಗುರಿನ ಸಂದಿಯಲ್ಲಿ ಯಾವ ಕಾಲದ್ದೋ ಕೆಂಪು ಬಣ್ಣ ಹಂಗೇ ಉಳ್ಕೊಂಡಿತ್ತು.

ಕುಣಿಗಲ್ಲಲ್ಲಿ ಇದ್ದಾಗ ಅವರು ಬಸ್ಸಿಗೆ ಬರೀತಿದ್ದೋರು. ಗಾಜಿನ ಮುಂದೆ ಇಡೋ ಊರಿನ ಬೋರ್ಡು ನೋಡಿದೀರಲ್ಲ, ಅದೇ. “ಹುಲಿಯೂರುದುರ್ಗ ಅಂತ ಆ ಗೇಣುದ್ದದ ತಗಡಿನ ಮೇಲೆ ಬರೆದೋನು ಜಗತ್ತಲ್ಲಿ ಏನ್ ಬೇಕಾದ್ರೂ ಬರೀತಾನೆ” ಅಂತ ಹೇಳ್ಕೊಳ್ಳೋರು. ಒಂದೇ ಅಳತೆಗೆ ಬರೆದ್ರೆ ‘ಹುಲಿಯೂರು’ ಅನ್ನೋ ಹೊತ್ತಿಗೆ ತಗಡು ಮುಗಿದುಹೋಗೋದು. ಅದಕ್ಕೇ ಅವರು ಒಂದರ ಕೊಂಬಿನ ಕೆಳಗೆ ಇನ್ನೊಂದನ್ನ ಕೂರಿಸಿ, ರ್ಗ-ವನ್ನ ಮೂಲೆಗೆ ಒರಗಿಸಿ, ಹೆಂಗೋ ಒಟ್ಟಿಗೆ ಕೂರಿಸ್ತಿದ್ರು. ಬಸ್ ಕಾಯೋ ಮಕ್ಕಳು ಅದನ್ನ ನೋಡಿ ನಗ್ತಿದ್ವಂತೆ. ಅಲ್ಲಿಂದ ಹುಟ್ಟಿದ್ದು ಆ ಅಕ್ಷರ. ಅವರು ಅದಕ್ಕೆ ಇಟ್ಟಿದ್ದ ಹೆಸರು ‘ಚೇಷ್ಟೆ ಅಕ್ಷರ’.

ಚೇಷ್ಟೆ ಅಕ್ಷರಕ್ಕೆ ಅವರದೇ ಕಟ್ಟುನಿಟ್ಟು ಇತ್ತು. ಸೋಡಾ ಅಂಗಡಿಗೆ ಬರೀಬಹುದು, ಮಿಠಾಯಿ ಅಂಗಡಿಗೆ, ಆಟದ ಸಾಮಾನಿನ ಅಂಗಡಿಗೆ ಬರೀಬಹುದು. ಡಾಕ್ಟ್ರ ಬೋರ್ಡಿಗೆ ಬೇಡ. “ಕಾಯಿಲೆ ಮನುಷ್ಯ ನರಳ್ಕೊಂಡು ಬರ್ತಾನೆ, ಅವನ ಮುಂದೆ ಅಕ್ಷರ ಕುಣೀಬಾರದು ಕಣಯ್ಯಾ.” ಕೋರ್ಟಿನ ಹತ್ತಿರ ವಕೀಲರ ಬೋರ್ಡಿಗೆ ಬೇಡ. ಸಾವಿನ ಸುದ್ದಿಗೆ ಸುತರಾಂ ಬೇಡ. ಒಬ್ಬ ಸೈಟು ಮಾರೋನು ಬಂದು, ಜನದ ಕಣ್ಣಿಗೆ ಬೀಳುತ್ತೆ, ಅದರಲ್ಲೇ ಬರೀರಿ ಅಂತ ದುಂಬಾಲು ಬಿದ್ದಿದ್ದಕ್ಕೆ, “ನೀನು ಜಾಗ ಕೊಡೋದು ನಿಜಾನಾ, ತಮಾಷೇನಾ? ನಿಜ ಆದ್ರೆ ನೆಟ್ಟಗಿರೋ ಅಕ್ಷರದಲ್ಲಿ ಬರೀತೀನಿ” ಅಂದಿದ್ರಂತೆ. ಅವನು ಬೇರೆ ಪೇಂಟರ್ ನೋಡ್ಕೊಂಡ. ಇವರು ಬೀಡಿ ಹಚ್ಚಿದ್ರು.

ಇನ್ನೊಂದು ಅಭ್ಯಾಸ. ಒಂದೇ ಪದದಲ್ಲಿ ಒಂದಕ್ಷರ ಎರಡು ಸಲ ಬಂದ್ರೆ ಎರಡನ್ನೂ ಒಂದೇ ತರ ಬರೀತಿರಲಿಲ್ಲ. ‘ಬಾಬು’ ಅಂತ ಬರೆದ್ರೆ ಮೊದಲನೇ ಬ ದಪ್ಪಗೆ ಕೂತಿರೋದು, ಎರಡನೇದು ಕತ್ತು ಚಾಚಿ ಮೊದಲನೇದನ್ನ ನೋಡ್ತಿರೋದು. “ಅಣ್ಣ ತಮ್ಮ ಆದ್ರೂ ಮುಖ ಬೇರೆ ಇರಲ್ವಾ?” ಅನ್ನೋರು. ನನ್ನ ಕಂಪ್ಯೂಟರಲ್ಲಿ ಎರಡು ಬ-ನೂ ಒಂದೇ ಅಚ್ಚು. ಅದನ್ನ ನೋಡಿದಾಗೆಲ್ಲ ಅವರ ಹುಬ್ಬು ಗಂಟಾಗೋದು.

ಬರೆಯೋ ಮುಂಚೆ ಅವರು ಗೋಡೆ ಮುಂದೆ ಸುಮ್ಮನೆ ಕೂತ್ಕೊಳ್ಳೋರು. ಒಂದು ಟೀ, ಎರಡು ಟೀ. ಕೆಲಸ ಕೊಟ್ಟೋರು, ಏನ್ರೀ ಇದು, ಶುರು ಮಾಡಿ ಅಂದ್ರೆ, “ಗೋಡೆನ ಕೇಳ್ತಿದೀನಿ, ಇರಿ” ಅನ್ನೋರು. ಎಲ್ಲಿ ನೀರು ತೊಟ್ಟಿಕ್ಕುತ್ತೆ, ಎಲ್ಲಿ ಜನ ಒರಗ್ತಾರೆ, ಎಲ್ಲಿ ಆಡು ಮೈ ಉಜ್ಜುತ್ತೆ, ಎಲ್ಲಾ ನೋಡ್ಕೊಂಡು ಆಮೇಲೆ ನೀಲಿ ಪುಡಿ ಹಚ್ಚಿದ ದಾರ ಎಳೆದು ಗೆರೆ ಹೊಡೀತಿದ್ರು. ಮೊಳೆ ಇದ್ರೆ ಕೀಳ್ತಿರಲಿಲ್ಲ. ಅಕ್ಷರವೇ ಪಕ್ಕಕ್ಕೆ ಸರೀತಿತ್ತು.

ಗುಬ್ಬಿಯ ಒಂದು ಅಂಗನವಾಡಿ ಗೋಡೆಗೂ ಹಿಂಗೇ ಬರೆದ್ರು. ಅ-ದಿಂದ ಳ-ದ ತನಕ ಪೂರ್ತಿ ವರ್ಣಮಾಲೆ, ಚೇಷ್ಟೆ ಅಕ್ಷರದಲ್ಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ. ಅವರ ಜೀವಮಾನದ ಕೆಲಸ ಅದು ಅಂತ ನಾನು ಹೇಳ್ತೀನಿ, ಅವರು ಹೇಳ್ತಿರಲಿಲ್ಲ. ಕೊನೇ ಸಾಲು ಗೋಡೆ ಮೂಲೆಗೆ ಬಂದಾಗ ಅಲ್ಲಿ ತಾರಸಿಯಿಂದ ಮಳೆನೀರು ಇಳಿಯೋ ಪೈಪು. ಉಳಿದಿದ್ದು ಒಂದೇ ಅಕ್ಷರ, ಳ. ಅವರು ಯೋಚನೆ ಮಾಡಿ ಳ-ದ ಹೊಟ್ಟೆಯನ್ನ ಒಳಕ್ಕೆ ಎಳೆದು, ಪೈಪಿಗೆ ದಾರಿ ಬಿಟ್ಟಂಗೆ ಬರೆದ್ರು. ನೋಡೋಕೆ ಬಲು ಮಜವಾಗಿತ್ತು. ಬಸ್ಸಲ್ಲಿ ಕಂಡಕ್ಟರ್ ಬಂದಾಗ ನಾವು ಹೊಟ್ಟೆ ಎಳ್ಕೊಂಡು ಜಾಗ ಬಿಡ್ತೀವಲ್ಲ, ಹಂಗೆ.

ಒಂದು ವರ್ಷ ಆದ ಮೇಲೆ ಅಲ್ಲಿನ ಟೀಚರ್ರು ಹೇಳಿಕಳಿಸಿದ್ರು. ಇವರು ಹೋಗಿ ನೋಡಿದ್ರೆ, ಅಂಗನವಾಡಿ ಮಕ್ಕಳೆಲ್ಲ ಸ್ಲೇಟಿನ ಮೇಲೆ ಳ ಬರೀತಿದ್ದದ್ದು ಸೊಂಟ ಎಳ್ಕೊಂಡೇ! ಗೋಡೆ ನೋಡಿ ಕಲಿತಿದ್ವು. ಒಂದು ಹುಡುಗಿ ಅಂತೂ ಳ ಬರೆದು ಪಕ್ಕದಲ್ಲಿ ಉದ್ದಕ್ಕೊಂದು ಪೈಪೂ ಬರೆದಿತ್ತಂತೆ. ಟೀಚರ್ರು ನಕ್ಕರು. ಇವರು ನಗಲಿಲ್ಲ. ಮೂರು ದಿನ ತುಮಕೂರಿಂದ ಗುಬ್ಬಿಗೆ ಬಸ್ಸಲ್ಲಿ ಓಡಾಡಿ, ಒಂದೊಂದು ಮಗುವಿನ ಕೈ ಹಿಡಿದು ನೆಟ್ಟಗಿರೋ ಳ ತಿದ್ದಿಸಿ ಬಂದ್ರು. ಈ ಕತೆ ಹೇಳುವಾಗ ಅವರ ದನಿ ಇಳಿಯೋದು. “ನನ್ನ ಶೋಕಿಗೆ ಮಕ್ಕಳು ತಪ್ಪು ಕಲಿತ್ವು ಕಣಯ್ಯಾ” ಅನ್ನೋರು.

ಇನ್ನು ಮುಂದೆ ಬರೆಯೋದು ನನ್ನ ತಪ್ಪು. ಬರೆಯುವಾಗಲೇ ನನ್ನ ಕೆನ್ನೆಗೆ ನಾನೇ ಬಾರಿಸ್ಕೊಳ್ಳೋಣ ಅನ್ಸುತ್ತೆ.

ಬೆಂಗಳೂರಿಂದ ಇಬ್ಬರು ಬಂದ್ರು. ಅಕ್ಷರ ವಿನ್ಯಾಸ ಮಾಡೋ ಒಂದು ಕಂಪನಿಯವರು. ಕಂಪನಿ ಹೆಸರು ಬೇಡ, ನನ್ನ ಬಾಯಿ ಹೊಲಸಾಗುತ್ತೆ. ಕೈಬರಹದ ಬೋರ್ಡುಗಳನ್ನ ದಾಖಲೆ ಮಾಡ್ತಿದೀವಿ ಸಾರ್, ಎಲ್ಲಾ ಅಳಿದುಹೋಗ್ತಿದೆ ಸಾರ್, ಅಂತ ಬಹಳ ವಿನಯವಾಗಿ ಮಾತಾಡಿದ್ರು. ನಾನು ಉಬ್ಬಿಹೋದೆ. ಅಂಗಡಿ ಮುಚ್ಚಿ, ಯಜಮಾನ್ರನ್ನ ಬೆಂಗಳೂರಿನವರ ಕಾರಲ್ಲೇ ಕೂರಿಸ್ಕೊಂಡು ಗುಬ್ಬಿಗೆ ಕರ್ಕೊಂಡು ಹೋದೆ. ಬಂದವರು ಒಂದೊಂದು ಅಕ್ಷರದ ಫೋಟೋ ಹೊಡೆದ್ರು. ಅಳತೆಗೆ ಇರಲಿ ಅಂತ ಪ್ರತಿ ಅಕ್ಷರದ ಪಕ್ಕದಲ್ಲಿ ಸ್ಕೇಲ್ ಹಿಡ್ಕೊಂಡು ನಿಂತಿದ್ದೋನು ಯಾರು? ನಾನೇ. ಈ ಕೈಲೇ.

ಯಜಮಾನ್ರು ಅವರಿಗಿಂತ ಹುಮ್ಮಸ್ಸಿನಲ್ಲಿದ್ರು. “ಬರೀ ಅಕ್ಷರ ತಗೊಂಡು ಏನ್ಮಾಡ್ತೀರಪ್ಪಾ, ಒತ್ತು ಬೇಡ್ವಾ? ಒತ್ತಿಲ್ದೆ ‘ಅಕ್ಕ’ ಅನ್ನೋಕೂ ಆಗಲ್ಲ” ಅಂತ, ಅಂಗನವಾಡಿ ಸ್ಲೇಟುಗಳನ್ನೇ ಇಸ್ಕೊಂಡು, ಅಲ್ಲೇ ಚಾಪೆ ಮೇಲೆ ಕೂತು, ಎಲ್ಲಾ ಒತ್ತಕ್ಷರ, ಎಲ್ಲಾ ಕೊಂಬು, ದೀರ್ಘ, ಸುಣ್ಣದಕಡ್ಡಿಯಲ್ಲಿ ಬರ್ಕೊಟ್ರು. ಮಧ್ಯಾಹ್ನದ ಊಟಾನೂ ಬಿಟ್ರು. ನಮ್ಮನ್ನ ತುಮಕೂರಲ್ಲಿ ಇಳಿಸಿ ಅವರು ಹೊರಡುವಾಗ ಯಜಮಾನ್ರು ಕಾರಿನ ಕಿಟಕಿ ಹಿಡ್ಕೊಂಡು ಮರೀದೆ ಹೇಳಿದ್ರು: “ಆ ಳ ಮಾತ್ರ ತಗೋಬೇಡಿ. ಅದು ಪೈಪಿಗೋಸ್ಕರ ಬಗ್ಗಿದ್ದು. ಬೇಕಿದ್ರೆ ಹೇಳಿ, ನೆಟ್ಟಗಿರೋದು ಬರ್ದು ಕಳಿಸ್ತೀನಿ.” “ಓಕೆ ಅಂಕಲ್, ಖಂಡಿತ ಅಂಕಲ್” ಅಂದ್ರು. ನನ್ನ ಎರಡು ಕಿವಿಯಲ್ಲಿ ಕೇಳಿಸ್ಕೊಂಡಿದೀನಿ.

ಆಮೇಲೆ ಎರಡು ವರ್ಷ ಸುದ್ದಿ ಇಲ್ಲ. ಒಂದು ದಿನ ಹೋಳಿಗೆ ಅಂಗಡಿಯವರೊಬ್ಬರು ಬೋರ್ಡಿನ ಡಿಸೈನನ್ನ ಮೊಬೈಲಲ್ಲಿ ತಂದ್ರು. ತೆರೆದ್ರೆ ಚೇಷ್ಟೆ ಅಕ್ಷರ! ಯಜಮಾನ್ರು ಪಕ್ಕದಲ್ಲೇ ಇದ್ರು. ಮೊದಲು ಅವರ ಮುಖ ಅರಳ್ತು. “ಅಯ್ಯೋ, ನಮ್ಮವು!” ಅಂದ್ರು, ಕಳೆದುಹೋದ ಹಸು ಸಿಕ್ಕಿದಂಗೆ. ಆಮೇಲೆ ಕನ್ನಡಕ ಹಾಕ್ಕೊಂಡು ಹತ್ತಿರಕ್ಕೆ ಬಂದ್ರು. ‘ಹೋಳಿಗೆ’ಯ ಳಿ ಸೊಂಟ ಎಳ್ಕೊಂಡು ನಿಂತಿತ್ತು. ಅದರ ಪಕ್ಕದಲ್ಲಿ ಪೈಪಿಲ್ಲ. ಮುಂದಿನ ಅಕ್ಷರ ಗೆ ಅಷ್ಟು ದೂರದಲ್ಲಿ ಆರಾಮಾಗಿ ನಿಂತಿದೆ. ಆದ್ರೂ ಳಿ ಹೆದರ್ಕೊಂಡು ಬಗ್ಗಿದೆ.

ನಾನು ಇಂಟರ್ನೆಟ್ಟಲ್ಲಿ ಹುಡುಕಿದೆ. ಆ ಫಾಂಟಿಗೊಂದು ತಿಂಡಿ ಹೆಸರು ಇಟ್ಟು, ಒಂದು ಪುಟವನ್ನೇ ಮೀಸಲಿಟ್ಟಿದ್ರು. ಕೈಯಲ್ಲಿ ಬರೆದಂತೆ ಕಾಣುವ ತುಂಟ ಅಕ್ಷರ, ಮಕ್ಕಳ ಪುಸ್ತಕ, ಪೊಟ್ಟಣ, ಪೋಸ್ಟರು, ಎಲ್ಲಕ್ಕೂ ಸರಿ ಅಂತ ಬಣ್ಣ ಬಣ್ಣದಲ್ಲಿ ವರ್ಣನೆ. ಮಾಡಿದವರು ಯಾರು ಅನ್ನೋ ಕಡೆ ಅವರಿಬ್ಬರ ಹೆಸರು, ನಗುಮುಖದ ಫೋಟೋ. ಕೆಳಗೆ ಸಣ್ಣಕ್ಷರದಲ್ಲಿ, ಕರ್ನಾಟಕದ ಬೀದಿಗಳಿಂದ ಸ್ಫೂರ್ತಿ. ಬೀದಿ! ಬೀದಿ ಬ್ರಷ್ ಹಿಡಿಯುತ್ತಾ? ಬೀದಿ ಊಟ ಬಿಟ್ಟು ಚಾಪೆ ಮೇಲೆ ಕೂತು ಒತ್ತಕ್ಷರ ಬರ್ಕೊಡುತ್ತಾ? ನಾನು ಮೇಜು ಗುದ್ದಿದ ರಭಸಕ್ಕೆ ಟೀ ಲೋಟ ಉರುಳಿ ಕೀಬೋರ್ಡ್ ಮೇಲೆ ಚೆಲ್ತು. ಕೇಸ್ ಹಾಕೋಣ ಯಜಮಾನ್ರೇ, ಪೇಪರ್ನವರನ್ನ ಕರೆಸೋಣ, ಬಿಡಬಾರದು ಈ ನನ್ಮಕ್ಕಳನ್ನ ಅಂತ ಕೂಗಾಡಿದೆ.

ಅವರಿಗೆ ಸಿಟ್ಟು ಬಂದಿತ್ತು, ಆದ್ರೆ ನನ್ನ ಸಿಟ್ಟಲ್ಲ ಅದು. “ಹೆಸರು ಹಾಳಾಗೋಗ್ಲಿ ಬುಡು. ನಾನು ಯಾವ ಬೋರ್ಡಿಗೆ ಹೆಸರು ಹಾಕಿದೀನಿ?” ಅಂದ್ರು. ಅದು ನಿಜ. ಮಿಕ್ಕ ಪೇಂಟರುಗಳು ಮೂಲೆಯಲ್ಲಿ ತಮ್ಮ ಹೆಸರು ಹಾಕ್ತಿದ್ರು, ಇವರು ಹಾಕ್ತಿರಲಿಲ್ಲ. “ಆವಾಗ ಹದಿನೈದು ಮಕ್ಕಳು ಕಣಯ್ಯಾ. ಬಸ್ ಹತ್ತಿ ಹೋಗಿ ತಿದ್ದಿಸಿ ಬಂದೆ. ಈಗ ಇದು ಊರೂರಿಗೆ ಹೋಗುತ್ತೆ. ಎಷ್ಟು ಜನದ ಸ್ಲೇಟು ಹಿಡ್ಕೊಂಡು ಓಡಾಡ್ಲಿ ನಾನು? ಹೇಳಿದ್ನಲ್ಲ ಅವ್ರಿಗೆ! ಬಾಯ್ಬಿಟ್ಟು ಹೇಳಿದ್ನಲ್ಲ!”

ಮಾರನೇ ದಿನ ಒಂದು ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಳ ಬರ್ಕೊಂಡು ಬಂದ್ರು. ನೆಟ್ಟಗಿರೋ ಳ. ನಗು ಹಂಗೇ ಇದೆ, ಹೊಟ್ಟೆ ಧಾರಾಳವಾಗಿ ಉಬ್ಬಿದೆ, ಯಾರಿಗೂ ಹೆದರ್ತಿಲ್ಲ. “ಇದನ್ನ ಕಳ್ಸು. ಹಳೇದು ತೆಗೆದು ಇದನ್ನ ಹಾಕ್ಕೊಳ್ಳಿ ಅಂತ ಬರಿ. ಬೇರೇನೂ ಕೇಳ್ಬೇಡ” ಅಂದ್ರು. ನಾನು ಸ್ಕ್ಯಾನ್ ಮಾಡಿ, ಹಲ್ಲು ಕಚ್ಕೊಂಡು ಮರ್ಯಾದೆಯಿಂದ ಈಮೇಲ್ ಬರೆದೆ. ದಿನಾ ಮಧ್ಯಾಹ್ನ ಬಂದವರೇ, “ಬಂತೇನಯ್ಯಾ?” ಅನ್ನೋರು. ಒಂದು ತಿಂಗಳಾದ ಮೇಲೆ ಉತ್ತರ ಬಂತು, ಇಂಗ್ಲಿಷಲ್ಲಿ. ನಿಮ್ಮ ಪ್ರತಿಕ್ರಿಯೆಗೆ ಧನ್ಯವಾದ. ಆ ಳ-ದ ವಕ್ರತೆ ಬಳಕೆದಾರರಿಗೆ ತುಂಬಾ ಇಷ್ಟವಾಗಿದೆ. ಅದೇ ಈ ಫಾಂಟಿನ ವ್ಯಕ್ತಿತ್ವ. ನಾನು ಅದನ್ನ ಕನ್ನಡದಲ್ಲಿ ಓದಿ ಹೇಳಿದೆ. ಅವರು, “ಪೈಪು ಇತ್ತು ಅಂತ ಬರ್ದ್ಯಾ?” ಅಂತ ಕೇಳಿದ್ರು. ಬರ್ದಿದ್ದೆ ಅಂದೆ. ಎದ್ದು ಮನೆಗೆ ಹೋದ್ರು.

ವ್ಯಕ್ತಿತ್ವವಂತೆ! ಇಷ್ಟಕ್ಕೇ ಮುಗಿದಿದ್ರೆ ನಾನು ಬೆಂಗಳೂರಿನವರಿಗೆ ಶಾಪ ಹಾಕ್ಕೊಂಡು ಹಾಯಾಗಿ ಇರಬಹುದಿತ್ತು. ಮುಗೀಲಿಲ್ಲ.

ಫಾಂಟು ನನ್ನ ಕಂಪ್ಯೂಟರಿಗೂ ಬಂತು. ಗಿರಾಕಿಗಳು ಬಂದು, “ಆ ನಗೋ ಅಕ್ಷರ ಹಾಕಿ ಸಾರ್” ಅಂತ ಕೇಳೋರು. ಹಾಕಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗೋರು. ಮೊದಲೆರಡು ತಿಂಗಳು ಜಗಳ ಆಡಿದೆ, ಆಮೇಲೆ ಹಾಕಿದೆ. ಗೂಳೂರಿನ ಹುಡುಗರ ಬ್ಯಾನರಿಗೆ ಹಾಕಿದೆ, ನರ್ಸರಿಗೆ ಹಾಕಿದೆ, ಮಂಡಿನೋವಿನ ಡಾಕ್ಟ್ರಿಗೂ ಹಾಕಿದೆ. ಯಜಮಾನ್ರು ಬರೋ ಹೊತ್ತಿಗೆ ಆ ಕೆಲಸ ಮುಚ್ಚಿಟ್ಟು ಬೇರೆ ಕೆಲಸ ತೆಗೀತಿದ್ದೆ. ಕಳ್ಳನ ಮನೆಯ ಊಟ ಮಾಡ್ಕೊಂಡು ಕಳ್ಳನಿಗೆ ಬೈತಿದ್ದೆ.

ಒಂದು ದಿನ ಒಬ್ಬ ಕಂಟ್ರಾಕ್ಟರು ದೊಡ್ಡ ಫ್ಲೆಕ್ಸಿಗೆ ಹೇಳಿ ಹೋದ. ‘ನಮ್ಮ ಅಂಗನವಾಡಿ, ಮಕ್ಕಳ ಲೋಕ.’ ಎರಡು ಚಿಟ್ಟೆ, ಒಂದು ಕಾಮನಬಿಲ್ಲು, ಆ ಅಕ್ಷರ. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಯಾಕ್ ಕೇಳಬೇಕು? ದಿನಕ್ಕೆ ಎಷ್ಟು ಮೀಟರ್ ಹೋಗುತ್ತೆ, ಎಲ್ಲಿ ಕಟ್ತಾರೆ ಅಂತ ಕೇಳ್ತಾ ಕೂತರೆ ಅಂಗಡಿ ನಡೆಯುತ್ತಾ? ಪ್ರಿಂಟ್ ಮಾಡಿ ಕೊಟ್ಟೆ. ಅವನು ಅದನ್ನ ತಗೊಂಡು ಹೋಗಿ ಗುಬ್ಬಿಯ ಅದೇ ಅಂಗನವಾಡಿಗೆ, ಅದೇ ಗೋಡೆಗೆ, ಸುಣ್ಣ ಹೊಡೆಸಿ, ಅದರ ಮೇಲೆ ಬಿಗಿದಿದಾನೆ. ರಿಪೇರಿ ಮಾಡುವಾಗ ಆ ಪೈಪನ್ನೂ ಕಿತ್ತು ಹಿಂದಿನ ಗೋಡೆಗೆ ಹಾಕಿದಾರೆ.

ಟೀಚರ್ರು ಯಜಮಾನ್ರಿಗೆ ಫೋನ್ ಮಾಡಿದ್ರಂತೆ. ಅವರು ಹೋಗಿ ನೋಡ್ಕೊಂಡು ನೆಟ್ಟಗೆ ನನ್ನ ಅಂಗಡಿಗೆ ಬಂದ್ರು. ಕೂರಲಿಲ್ಲ. ಫ್ಲೆಕ್ಸಿನ ಮೂಲೆಯಲ್ಲಿ ನನ್ನ ಅಂಗಡಿ ಹೆಸರು, ಫೋನ್ ನಂಬರು ಇರುತ್ತಲ್ಲ, ಅದನ್ನ ಓದ್ಕೊಂಡೇ ಬಂದಿದ್ರು. ನಾನು ಮುಖ ಎತ್ತೋಕೆ ಆಗದೆ ಮೌಸ್ ಹಿಡ್ಕೊಂಡು ಕೂತಿದ್ದೆ.

“ಪೈಪೂ ಹೋಯ್ತು, ನನ್ನ ಗೋಡೆನೂ ಹೋಯ್ತು. ಆ ಬಗ್ಗಿದ್ದು ಒಂದನ್ನ ಮಾತ್ರ ನೀನು ಉಳಿಸ್ದೆ” ಅಂದ್ರು.

“ಗೊತ್ತಿರಲಿಲ್ಲ ಯಜಮಾನ್ರೇ, ದೇವರಾಣೆಗೂ ಗೊತ್ತಿರಲಿಲ್ಲ.”

“ಕೇಳ್ಬೇಕಿತ್ತು ಕಣಯ್ಯಾ. ಗೋಡೆ ಯಾವ್ದು ಅಂತ ಒಂದು ಮಾತು ಕೇಳ್ಬೇಕಿತ್ತು.”

“ಕಿತ್ತಾಕ್ತೀನಿ. ಹೊಸದಾಗಿ ನೀವೇ ಬರೀರಿ. ಏಣಿ ನಾನು ಹಿಡ್ಕೋತೀನಿ.”

“ಯಾವಾಗ?”

“ಮುಂದಿನ ವಾರ.”

ಮುಂದಿನ ವಾರ ಯುಗಾದಿ ಆರ್ಡರುಗಳು. ಆಮೇಲೆ ಯಾರದೋ ಸನ್ಮಾನ. ಅವರು ಮತ್ತೆ ಎರಡು ಸಲ ಬಂದು, “ಹೋಗೋಣ್ವೇನಯ್ಯಾ ಗುಬ್ಬಿಗೆ?” ಅಂತ ಕೇಳಿದ್ರು. ಎರಡನೇ ಸಲ ಬ್ರಷ್ಷುಗಳನ್ನ ಸೀಮೆಎಣ್ಣೆಯಲ್ಲಿ ತೊಳೆದು, ಒಂದು ಬಟ್ಟೆಯಲ್ಲಿ ಸುತ್ತಿ ತಂದಿದ್ರು. “ಮುಂದಿನ ವಾರ ಗ್ಯಾರಂಟಿ” ಅಂದೆ. ಬ್ರಷ್ಷಿನ ಗಂಟನ್ನ ಸ್ಟೂಲಿನ ಕೆಳಗೆ ಇಟ್ಟು, “ಇಲ್ಲೇ ಇರ್ಲಿ, ಹೊತ್ಕೊಂಡು ಓಡಾಡೋಕಾಗಲ್ಲ” ಅಂತ ಹೇಳಿ ಹೋದ್ರು. ಆಮೇಲೆ ಬರಲಿಲ್ಲ. ಒಂದು ದಿನ ಬೆಳಗ್ಗೆ ಕಾಫಿ ಕುಡಿದು ಜಗುಲಿ ಮೇಲೆ ಕೂತಿದ್ದೋರು ಹಂಗೇ ಗೋಡೆಗೆ ಒರಗಿದ್ರಂತೆ.

ಅದೇ ಸಂಜೆ ಅವರ ಬೀದಿಯ ಹುಡುಗರು ಅಂಗಡಿಗೆ ಬಂದ್ರು, ಶ್ರದ್ಧಾಂಜಲಿ ಬ್ಯಾನರಿಗೆ. ಡಿಸೈನ್ ಮೊಬೈಲಲ್ಲೇ ಮಾಡ್ಕೊಂಡು ಬಂದಿದ್ರು. ಅವರ ಫೋಟೋ, ಕಿವಿ ಮೇಲೆ ಪೆನ್ಸಿಲ್. ಕೆಳಗೆ ಅವರ ಹೆಸರು, ಚೇಷ್ಟೆ ಅಕ್ಷರದಲ್ಲಿ. “ತಾತನ ಬೋರ್ಡಿನ ತರಾನೇ ಇದೆ ಅಲ್ವಾ ಅಣ್ಣಾ, ಅದಕ್ಕೇ ಇದನ್ನ ಹಾಕಿದ್ವಿ” ಅಂತ ಒಬ್ಬ ಪ್ರೀತಿಯಿಂದ ಹೇಳ್ದ. ಅವರ ಹೆಸರಿನ ನಡುವೆ ಒಂದು ಳ ಇದೆ. ಅದು ಸೊಂಟ ಎಳ್ಕೊಂಡು, ಇಲ್ಲದ ಪೈಪಿಗೆ ಹೆದರ್ಕೊಂಡು ನಿಂತಿತ್ತು. ಅವರ ಸ್ವಂತ ಹೆಸರಲ್ಲಿ! ಅವರದೇ ಸಾವಿನ ಬ್ಯಾನರಲ್ಲಿ! ನಾನು ಆ ಹುಡುಗರ ಮೇಲೆ ಎಗರಿಬಿದ್ದೆ. “ನಡೀರೋ ಆಚೆ!” ಅಂತ ಕೂಗ್ದೆ. ಹುಡುಗರು ಬೆಪ್ಪಾಗಿ ನಿಂತ್ರು. ಆಮೇಲೆ ನನಗೇ ನಾಚಿಕೆಯಾಗಿ, ಅವರನ್ನ ಕರ್ಕೊಂಡೇ ಯಜಮಾನ್ರ ಮನೆಗೆ ಹೋದೆ.

ಅವರ ಹೆಂಡತಿ ಬಾಗಿಲ ಹತ್ತಿರ ಕೂತಿದ್ರು. ಹುಡುಗರು ಮೊಬೈಲ್ ತೋರಿಸಿದ್ರು. ಆಕೆ ಬಹಳ ಹೊತ್ತು ನೋಡಿದ್ರು. “ಇದು ಅವ್ರ ಕೈಯೇ. ಆದ್ರೆ ಸಾವಿಗೆ ಈ ಅಕ್ಷರ ಬೇಡ ಅಂತಿದ್ರಲ್ಲಪ್ಪಾ. ಬೇಡ ಅಂದ್ರೆ ಬೇಡ” ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, “ಗುಬ್ಬಿಗೆ ಹೋಗ್ಬೇಕು, ಅವ್ನು ಏಣಿ ಹಿಡ್ಕೋತಾನಂತೆ ಅಂತ ಮೊನ್ನೇನೂ ಅಂದ್ರು ಕಣಪ್ಪಾ. ಹೋಗ್ಬಂದ್ರಾ?” ಅಂತ ಕೇಳಿದ್ರು.

“ಇಲ್ಲಮ್ಮಾ” ಅಂದೆ. ಬ್ಯಾನರನ್ನ ಸಾದಾ ಅಕ್ಷರದಲ್ಲಿ, ಕಪ್ಪಿನಲ್ಲಿ ಮಾಡ್ಕೊಟ್ಟೆ. ಹನ್ನೊಂದನೇ ದಿನ ಕಳೆದ ಮೇಲೆ ಅಂಗಡಿಗೆ ಬೀಗ ಹಾಕಿ, ಬ್ರಷ್ಷಿನ ಗಂಟು, ಒಂದು ಡಬ್ಬಿ ಕೆಂಪು ಬಣ್ಣ, ಆ ಕ್ಯಾಲೆಂಡರ್ ಹಾಳೆ ತಗೊಂಡು ಗುಬ್ಬಿ ಬಸ್ ಹತ್ತಿದೆ.

ಅಂಗನವಾಡಿಯಲ್ಲಿ ಏಣಿ ಹಾಕಿ ಫ್ಲೆಕ್ಸಿನ ಮೊಳೆ ಕೀಳ್ತಿದ್ದಂಗೆ ಟೀಚರ್ರು ಓಡಿಬಂದ್ರು. “ಏನ್ರೀ ಇದು? ಯಾರನ್ನ ಕೇಳಿ ಕೀಳ್ತಿದೀರಾ?”

“ಇದನ್ನ ಪ್ರಿಂಟ್ ಮಾಡಿದ್ದು ನಾನೇ. ಅವತ್ತು ಯಾರನ್ನೂ ಕೇಳಲಿಲ್ಲ, ಇವತ್ತೂ ಕೇಳಲ್ಲ” ಅಂದೆ. ಆಮೇಲೆ, “ಯಜಮಾನ್ರು ಹೋಗ್ಬಿಟ್ರು ಟೀಚರ್” ಅಂದೆ.

ಆಕೆಗೆ ಸುದ್ದಿ ಗೊತ್ತಿರಲಿಲ್ಲ. ಸೆರಗು ಬಾಯಿಗೆ ಹಿಡ್ಕೊಂಡ್ರು. ಆಮೇಲೆ ಬಂದು ಏಣಿ ಹಿಡ್ಕೊಂಡ್ರು.

ಫ್ಲೆಕ್ಸ್ ಕೆಳಗೆ ಬಿತ್ತು. ಕಂಟ್ರಾಕ್ಟರು ಹೊಡೆಸಿದ್ದು ನೀರು ಸುಣ್ಣ. ಹಿಂದಿನ ಬಣ್ಣ ಅದನ್ನ ತಳ್ಕೊಂಡು ಮೇಲೆ ಬಂದಿತ್ತು. ಅ-ದಿಂದ ಶುರುವಾಗಿ ಎಲ್ಲವೂ ಮಸುಕು ಮಸುಕಾಗಿ ಕಾಣ್ತಿದ್ವು. ಮೂಲೆಯಲ್ಲಿ ಳ, ಸೊಂಟ ಎಳ್ಕೊಂಡು, ಖಾಲಿ ಜಾಗಕ್ಕೆ ದಾರಿ ಬಿಟ್ಕೊಂಡು. ಅದನ್ನ ಅಳಿಸೋಕೆ ನನಗೆ ಕೈ ಬರಲಿಲ್ಲ. ಅದು ಆ ಗೋಡೆಯದು, ಅಲ್ಲಿ ಅದು ಸರಿಯಾಗೇ ಇದೆ.

ಪೈಪು ಹೋಗಿ ಖಾಲಿಯಾಗಿದ್ದ ಆ ಜಾಗದ ಕೆಳಗೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ನಾನು ಅವರ ಹೆಸರು ಬರೆದೆ. ನನಗೆ ಬ್ರಷ್ ಹಿಡಿಯೋಕೆ ಬರಲ್ಲ. ಗೆರೆ ನಡುಗ್ತು, ಬಣ್ಣ ಇಳೀತು, ಮೊದಲಕ್ಷರ ಗಾಬರಿಯಲ್ಲಿ ಓಡ್ತಿರೋ ಹಂಗೆ ಬಂತು. ಳ ಮಾತ್ರ ಕ್ಯಾಲೆಂಡರ್ ಹಾಳೆಗೆ ಸೂಜಿಯಲ್ಲಿ ತೂತು ಹೊಡೆದು, ಗೋಡೆಗಿಟ್ಟು, ನೀಲಿ ಪುಡಿ ತಟ್ಟಿ, ಅವರ ಗೆರೆ ಮೇಲೇ ತಿದ್ದಿದೆ. ಟೀಚರ್ರು ಮಕ್ಕಳನ್ನ ಸಾಲಾಗಿ ಕರ್ಕೊಂಡು ಬಂದು, “ಇದು ಳ. ಹಿಂಗೆ ಬರೀಬೇಕು” ಅಂತ ಹೇಳಿ, ಬಣ್ಣ ಒಣಗಿಲ್ಲ, ಮುಟ್ಟಬೇಡಿ ಅಂತ ಗದರಿದ್ರು. ಒಂದು ಮಗು ಮುಟ್ಟೇಬಿಡ್ತು.

ಈ ಬರಹ ಎಲ್ಲಿ, ಯಾವ ಅಕ್ಷರದಲ್ಲಿ ಅಚ್ಚಾಗುತ್ತೋ ನನಗೆ ಗೊತ್ತಿಲ್ಲ. ಯಾವನೋ ಪುಣ್ಯಾತ್ಮ ಚೆನ್ನಾಗಿ ಕಾಣ್ಲಿ ಅಂತ ಅವರ ಹೆಸರನ್ನ ಆ ಫಾಂಟಲ್ಲೇ ಹಾಕ್ಬಿಡ್ತಾನೆ. ಅದಕ್ಕೇ ಹೆಸರು ಇಲ್ಲಿ ಬರೆದಿಲ್ಲ. ಬೇಕಾದೋರು ಗುಬ್ಬಿ ಬಸ್ ಹತ್ತಿ, ಅಂಗನವಾಡಿ ಗೋಡೆ ಎಲ್ಲಿ ಅಂತ ಕೇಳ್ಕೊಂಡು ಹೋಗಿ ನೋಡ್ಲಿ. ಬರವಣಿಗೆ ಕೆಟ್ಟದಾಗಿದೆ, ನನ್ನದೇ ಕೈ. ಆದ್ರೆ ನಡುವೆ ಇರೋ ಳ ಅವರದು, ನೆಟ್ಟಗೆ ನಿಂತಿದೆ.